ಹೊಸ ಕೀಲಿಗೆ ಮನೆಯೂ ಸಜ್ಜಾಗಲಿ

ಸೊಂಟದ ಕೀಲು ಸವೆದವರ ನೋವು ಸೊಂಟದಲ್ಲಿಯೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ. ತೊಡೆಸಂದಿಯಲ್ಲಿ, ಒಮ್ಮೊಮ್ಮೆ ಮೊಣಕಾಲಿನಲ್ಲಿ ಅದು ತಲೆದೋರುತ್ತದೆ. ವಯಸ್ಸಿನ ವಾತವೆಂದು ಬಗೆದು, ಎಣ್ಣೆ ತಿಕ್ಕುತ್ತ ವರ್ಷಗಳನ್ನು ನೂಕುವವರುಂಟು. ಕಾಲು ಕುಂಟತೊಡಗಿ, ರಾತ್ರಿಯ ನಿದ್ರೆ ಕೆಟ್ಟ ಮೇಲೆಯೇ ವೈದ್ಯರ ನೆನಪಾಗುತ್ತದೆ.

ತೊಡೆಯೆಲುಬಿನ ಗುಂಡಾದ ತಲೆಯು ಸೊಂಟದೆಲುಬಿನ ಬಟ್ಟಲಿನಲ್ಲಿ ತಿರುಗುವುದರಿಂದಲೇ ನಡಿಗೆ ಸಾಧ್ಯ. ಸವೆದ ಈ ಜೋಡಿಯ ಸ್ಥಾನದಲ್ಲಿ ಲೋಹದ ಗುಂಡನ್ನೂ ಪ್ಲಾಸ್ಟಿಕ್ ಬಟ್ಟಲನ್ನೂ ಕೂರಿಸುವ ವಿಧಾನಕ್ಕೆ ನೆಲೆ ಒದಗಿಸಿದವರು ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ. ಅವರು ಮೊದಲು ಬಳಸಿದ ಟೆಫ್ಲಾನ್ ಬಟ್ಟಲು ಕೆಲವೇ ವರ್ಷಗಳಲ್ಲಿ ಸವೆಯಿತು. 1962ರಲ್ಲಿ ಗಟ್ಟಿ ಪಾಲಿಥೀನನ್ನು ಬಳಸಿದ ಮೇಲೆ ಕೀಲು ಬಾಳಿಕೆ ಬಂದಿತು.

ಆದರೆ ಚಾರ್ನ್ಲಿಯವರ ರೋಗಿಗಳು ಕುರ್ಚಿಯ ಮೇಲೆ ಬಾಳಿದವರು. ಬಳ್ಳಾರಿ ಸೀಮೆಯ ಬಾಳು ನೆಲದ ಬಾಳು. ಸಿರುಗುಪ್ಪದ ಗದ್ದೆಯಲ್ಲಿ ಬಾಗಿ ಭತ್ತ ನಾಟಿ ಮಾಡಿದವರು, ಕುರುಗೋಡಿನ ದೊಡ್ಡಬಸವೇಶ್ವರನಿಗೆ ಅಡ್ಡಬಿದ್ದವರು, ಬಳ್ಳಾರಿ ನಗರದ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕುಳಿತವರು—ಇಂಥವರಿಗೆಲ್ಲ ಶಸ್ತ್ರಚಿಕಿತ್ಸೆಯ ಬಳಿಕ ಕೇಳಿಬರುವ ಮಾತು ಒಂದೇ: "ನೆಲದ ಮೇಲೆ ಕೂರಬೇಡಿ."

ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿಯೇ ರೋಗಿಯನ್ನು ವಾಕರ್ ಹಿಡಿಸಿ ನಡೆಸುತ್ತಾರೆ. ಹಳೆಯ ನೋವು ಮಾಯವಾಗಿ, ಗಾಯದ ನೋವಷ್ಟೇ ಉಳಿದುದನ್ನು ಕಂಡು ಅವರು ಬೆರಗಾಗುತ್ತಾರೆ. ಅಪಾಯವೂ ಆ ನೆಮ್ಮದಿಯಲ್ಲಿಯೇ ಅಡಗಿದೆ. ವಾರಗಳು ಕಳೆದು ನೋವು ಮರೆತಾಗ, ಬಿದ್ದ ಚಮಚವನ್ನೆತ್ತಲು ಬಗ್ಗುತ್ತಾರೆ, ಕಾಲ ಮೇಲೆ ಕಾಲು ಹಾಕುತ್ತಾರೆ, ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಸುತ್ತಲಿನ ಮಾಂಸಖಂಡಗಳು ಇನ್ನೂ ಬಲಿಯದಿರುವುದರಿಂದ ಗುಂಡು ಬಟ್ಟಲಿನಿಂದ ಜಾರಬಹುದು.

ಆದ್ದರಿಂದ ರೋಗಿ ಮನೆಗೆ ಬರುವ ಮುನ್ನವೇ ಎತ್ತರದ ಮಂಚ, ಕೈಗಳುಳ್ಳ ಕುರ್ಚಿ, ಕಮೋಡು ಸಿದ್ಧವಿರಲಿ. ಜಾರುವ ಚಾಪೆಗಳನ್ನು ಸುತ್ತಿಡಿ. ಸಿರುಗುಪ್ಪಕ್ಕೋ ಕುರುಗೋಡಿಗೋ ಹಿಂದಿರುಗುವವರು ವಾಹನದ ತಗ್ಗಿನ ಆಸನಕ್ಕೆ ಗಟ್ಟಿ ದಿಂಬು ಹಾಕಿಕೊಳ್ಳಲಿ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮುಂದು. ಮೀನಖಂಡ ಊದಿದರೆ, ಗಾಯ ಕೆಂಪಾಗಿ ಜ್ವರ ಬಂದರೆ, ಉಸಿರು ಸಿಕ್ಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ನಿರ್ಬಂಧಗಳನ್ನು ಯಾವಾಗ ಸಡಿಲಿಸಬಹುದೆಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು.

ಇನ್ನೊಂದು ಕಷ್ಟವನ್ನು ಯಾವ ವೈದ್ಯರೂ ಚೀಟಿಯಲ್ಲಿ ಬರೆಯಲಾರರು. ಮನೆಮಂದಿಯೆಲ್ಲ ನೆಲದ ಮೇಲೆ ಸಾಲಾಗಿ ಉಣ್ಣುವಾಗ, ಅಷ್ಟು ದಿನ ಬಡಿಸಿದ ಅಜ್ಜಿ ಮೂಲೆಯ ಕುರ್ಚಿಯಲ್ಲಿ ಒಬ್ಬಳೇ ಕೂರಲು ಸಂಕೋಚಪಡುತ್ತಾಳೆ. "ಒಂದು ದಿನಕ್ಕೆ ಏನಾದೀತು?" ಎಂದು ಮಣೆಯತ್ತ ಸರಿಯುವುದು ಆಗಲೇ. ಮಗನೋ ಸೊಸೆಯೋ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತು ಉಂಡರೆ, ಹೊಸ ಕೀಲನ್ನು ಕಾಪಾಡುವ ಹೊಣೆಯಲ್ಲಿ ಅರ್ಧಭಾಗ ಅಲ್ಲಿಯೇ ತೀರಿದಂತೆ.