‘ನನ್ನ ಮಷೀನ್‌ನಲ್ಲಿ ಸರಿಯಾಗಿಯೇ ಓಡುತ್ತಿದೆ’

ಕೋಡ್ ಬರೆಯುವ ಗೆಳೆಯರೇ, ಈ ಮಾತನ್ನು ನೀವೂ ಆಡಿದ್ದೀರಿ, ನಾನೂ ಆಡಿದ್ದೇನೆ. ಯಾರೋ ದೂರು ಕಳಿಸುತ್ತಾರೆ. ನಾವು ಒಮ್ಮೆ ಓಡಿಸಿ ನೋಡುತ್ತೇವೆ. ಏನೂ ಆಗುವುದಿಲ್ಲ. ಟಿಕೆಟ್ ಮುಚ್ಚುತ್ತೇವೆ. ಇನ್ನು ಮುಂದೆ ಹಾಗೆ ಮುಚ್ಚುವ ಮೊದಲು ಅಮೆರಿಕದ ಟೆಕ್ಸಾಸ್‌ನಲ್ಲಿರುವ ಟೈಲರ್ ಎಂಬ ಊರನ್ನು ನೆನೆಯಿರಿ ಎಂದು ಬೇಡಿಕೊಳ್ಳುತ್ತೇನೆ.

1986ರ ಮಾರ್ಚ್. ಕ್ಯಾನ್ಸರ್ ರೋಗಿಯೊಬ್ಬರು ಥೆರಾಕ್-25 ಎಂಬ ವಿಕಿರಣ ಯಂತ್ರದ ಕೆಳಗೆ ಮಲಗಿದ್ದರು. ಹೊರಗೆ ಕೂತ ಆಪರೇಟರ್ ‘ಇ’ ಒತ್ತಬೇಕಾದಲ್ಲಿ ‘ಎಕ್ಸ್’ ಒತ್ತಿ, ಕೂಡಲೇ ತಿದ್ದಿದರು. ಪರದೆಯ ಮೇಲೆ ತಿದ್ದುಪಡಿ ಕಂಡಿತು, ಯಂತ್ರದೊಳಗೆ ಆಗಿರಲಿಲ್ಲ. ‘ಮಾಲ್‌ಫಂಕ್ಷನ್ 54’ ಎಂದಿತು ಪರದೆ. ಹಾಗೆಂದರೇನೆಂದು ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಇಂಥ ಸಂದೇಶ ಬರುವುದು, ‘ಪಿ’ ಒತ್ತಿ ಮುಂದುವರಿಯುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು. ಆಕೆ ‘ಪಿ’ ಒತ್ತಿದರು. ಒಳಗೆ, ಮೊದಲ ಏಟಿಗೇ ಮೈ ಉರಿದು ಮೇಲೇಳಹೊರಟವರಿಗೆ ಎರಡನೆಯದು ಬಿತ್ತು. ಅವರು ಬಾಗಿಲು ಬಡಿದರು. ಐದು ತಿಂಗಳಲ್ಲಿ ತೀರಿಕೊಂಡರು.

ತಯಾರಕರ ಎಂಜಿನಿಯರುಗಳು ಪರೀಕ್ಷಿಸಿದರು, ದೋಷ ಮರುಕಳಿಸಲಿಲ್ಲ. ಯಂತ್ರದಿಂದ ಹೀಗಾಗಲು ಸಾಧ್ಯವೇ ಇಲ್ಲ ಎಂದರು. ಏಪ್ರಿಲ್‌ನಲ್ಲಿ ಅದೇ ಯಂತ್ರ ಇನ್ನೊಬ್ಬರ ಮುಖವನ್ನು ಸುಟ್ಟಿತು. ಮೂರು ವಾರದಲ್ಲಿ ಅವರೂ ಹೋದರು.

ಕೊನೆಗೆ ತಪ್ಪನ್ನು ಹಿಡಿದವರು ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಅದೇ ಆಪರೇಟರ್. ಇಬ್ಬರೂ ಕೂತು ಮತ್ತೆ ಮತ್ತೆ ಟೈಪ್ ಮಾಡಿದರು. ಯಂತ್ರದ ಕಾಂತಗಳು ಹೊಂದಿಕೊಳ್ಳುವ ಸುಮಾರು ಎಂಟು ಸೆಕೆಂಡಿನೊಳಗೆ ತಿದ್ದಿದರೆ ಮಾತ್ರ ಆ ದೋಷ ಹೊರಬರುತ್ತಿತ್ತು. ನಿಧಾನವಾಗಿ ಟೈಪ್ ಮಾಡಿದವರಿಗೆ ಸಿಗುತ್ತಿರಲಿಲ್ಲ. ದಿನವಿಡೀ ಅದೇ ಕೀಲಿಗಳ ಮೇಲೆ ಪಳಗಿದ ಬೆರಳುಗಳಿಗೆ ಸಿಕ್ಕಿತು. ಹಿಂದಿನ ಮಾದರಿ ಥೆರಾಕ್-20ರಲ್ಲೂ ಇದೇ ತಪ್ಪು ಅವಿತಿತ್ತು. ಆದರೆ ಅದರಲ್ಲಿ ಫ್ಯೂಸ್ ಹಾರುತ್ತಿತ್ತು, ಜೀವ ಉಳಿಯುತ್ತಿತ್ತು. ಹೊಸದರಲ್ಲಿ ಅಂಥ ತಡೆಗಳನ್ನು ಕಿತ್ತು, ಎಲ್ಲವನ್ನೂ ಸಾಫ್ಟ್‌ವೇರಿಗೇ ಒಪ್ಪಿಸಿದ್ದರು.

ನಾವು ಬರೆಯುವುದು ವಿಕಿರಣದ ಯಂತ್ರಕ್ಕಲ್ಲವಲ್ಲ ಎನ್ನುವಿರಾ? ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲಿ ಒಬ್ಬ ಅಜ್ಜಿಯನ್ನು ನೋಡಿದೆ. ಹೆಬ್ಬೆರಳನ್ನು ಸೆರಗಿಗೆ ಉಜ್ಜಿ ಬೆರಳಚ್ಚಿನ ಯಂತ್ರದ ಮೇಲೆ ಒತ್ತಿದಳು. ನೀರು ಹಚ್ಚಿ ಒರೆಸಿ ಒತ್ತಿದಳು. ಮತ್ತೊಂದು ಬೆರಳು ಇಟ್ಟಳು. ಪ್ರತಿ ಸಲವೂ ಇಂಗ್ಲಿಷಿನಲ್ಲಿ ಒಂದು ಸಾಲು, ಒಂದು ಅಂಕಿ. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು ಅದು. “ನನ್ನ ಕೈಯೇ ಸರಿಯಿಲ್ಲ ಕಣಪ್ಪ” ಎಂದು ಖಾಲಿ ಚೀಲ ಮಡಚಿಕೊಂಡು ಹೊರಟಳು. ಆಕೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳಲ್ಲ, ಅದು ನನ್ನನ್ನು ಈವರೆಗೂ ಬಿಟ್ಟಿಲ್ಲ. ಆ ಅಂಕಿಯನ್ನು ಬರೆದವರು ನಮ್ಮ ನಿಮ್ಮಂಥವರೇ.

ದೋಷ ಬಂದಾಗ ಏನಾಯಿತು, ಮುಂದೇನು ಮಾಡಬೇಕು ಎಂಬುದನ್ನು ಬಳಸುವವರ ಮಾತಿನಲ್ಲಿ ಹೇಳಿ. ಯಂತ್ರ ಸೋತಾಗ ಮನುಷ್ಯರು ಕೈಹಿಡಿದು ದಾಟಿಸುವ ದಾರಿಯೊಂದನ್ನು ಕಟ್ಟಿಡಿ. ರಿಲೀಸ್ ಒಂದು ವಾರ ತಡವಾದರೂ ಆಗಲಿ, ಅದಿಲ್ಲದೆ ಬಿಡುವುದಿಲ್ಲ ಎಂದು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿ. ಮತ್ತು ಇವತ್ತು ಮನೆಗೆ ಹೊರಡುವ ಮುನ್ನ, ‘ಮರುಕಳಿಸಲಿಲ್ಲ’ ಎಂದು ಮುಚ್ಚಿಟ್ಟ ಒಂದು ದೂರನ್ನು ತೆರೆಯಿರಿ. ಬರೆದವರಿಗೆ ಫೋನ್ ಮಾಡಿ. ಅವರ ಪಕ್ಕ ಕೂತು, ಅವರ ಬೆರಳುಗಳು ಹೇಗೆ ಓಡುತ್ತವೆ ನೋಡಿ.