ಐದು ಅಕ್ಷರ, ಇಪ್ಪತ್ತು ಸ್ವರ

ಇಂಗ್ಲಿಷ್ ಉಚ್ಚಾರಣೆಯ ವಿಷಯದಲ್ಲಿ ನಮ್ಮಲ್ಲಿ ಎರಡು ಮನೋಭಾವಗಳು ಬೇರೂರಿವೆ. ಅದು ಪಟ್ಟಣದ ಕಾನ್ವೆಂಟಿನಲ್ಲಿ ಓದಿದವರ ಸೊತ್ತು, ಹಳ್ಳಿಯ ಹುಡುಗನಿಗೆ ದಕ್ಕತಕ್ಕದ್ದಲ್ಲ ಎಂಬ ಅಂಜಿಕೆ ಒಂದು; ಬರವಣಿಗೆ ಚೆನ್ನಾಗಿದ್ದರೆ ಸಾಕು, ಉಚ್ಚಾರಣೆಯ ಗೊಡವೆ ನಮಗೇಕೆ ಎಂಬ ಉದಾಸೀನ ಇನ್ನೊಂದು. ಹೊರನೋಟಕ್ಕೆ ಇವು ಪರಸ್ಪರ ವಿರುದ್ಧವೆಂದು ಕಂಡರೂ ಎರಡರ ಮೂಲವೂ ಒಂದೇ. ಉಚ್ಚಾರಣೆ ಕೇಳಿ ಬರಬೇಕಾದುದು, ನಿಯಮವರಿತು ಕಲಿಯಬಹುದಾದುದಲ್ಲ ಎಂಬ ನಂಬಿಕೆಯೇ ಆ ಮೂಲ. ಈ ನಂಬಿಕೆಯನ್ನು ಸುಳ್ಳುಮಾಡುವ ಸಾಧನ ವಿದ್ಯಾರ್ಥಿಯ ನಿಘಂಟಿನಲ್ಲಿ, ಪ್ರತಿಯೊಂದು ಪದದ ಪಕ್ಕದಲ್ಲಿಯೇ ಇದೆ. ಅದನ್ನು ಓದಲು ಕಲಿಸುವುದು ಶಾಲೆಯ ಕರ್ತವ್ಯವೆಂದು ಹೇಳುವುದಕ್ಕಾಗಿ ಈ ನಾಲ್ಕು ಮಾತು.

ಕನ್ನಡವನ್ನು ಓದಬಲ್ಲವನಿಗೆ ಬರೆದುದೇ ಉಚ್ಚಾರಣೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ಸ್ವರಗಳಿಗೆಂದು ಇರುವ ಅಕ್ಷರಗಳು ಐದು. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಮಾತಿನಲ್ಲಿ ಸಾಂಪ್ರದಾಯಿಕ ಎಣಿಕೆಯಂತೆ ಕೇಳಿಬರುವ ಸ್ವರಗಳು 20. ಇವುಗಳಲ್ಲಿ ಶುದ್ಧ ಸ್ವರಗಳು 12, ಒಂದರಿಂದ ಇನ್ನೊಂದಕ್ಕೆ ಜಾರುವ ಸಂಧ್ಯಕ್ಷರಗಳು 8. ಈ ಅಂತರಕ್ಕೆ ಚಾರಿತ್ರಿಕ ಕಾರಣವೂ ಉಂಟು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಇಂಗ್ಲಿಷ್ ಕಾಗುಣಿತ ಕ್ರಮೇಣ ಒಂದು ರೂಪಕ್ಕೆ ನಿಲ್ಲತೊಡಗಿತು. ಆದರೆ ಸುಮಾರು 1400ರಿಂದ 1700ರವರೆಗೆ ಆ ಭಾಷೆಯ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದುತ್ತಲೇ ಇದ್ದವು. ಬರಹ ನಿಂತಿತು, ನಾಲಗೆ ಮುಂದೆ ಹೋಯಿತು. ಇಂದಿನ ವಿದ್ಯಾರ್ಥಿ ತನ್ನ ದಡ್ಡತನವೆಂದು ಭಾವಿಸುವ ತೊಡಕು ವಾಸ್ತವವಾಗಿ ಆ ಭಾಷೆಯ ಚರಿತ್ರೆಯ ಋಣಶೇಷ.

ಈ ತೊಡಕನ್ನು ಬಿಡಿಸಲು ಹೊರಟವರು ಭಾಷೆಯನ್ನು ಕಲಿಸುವ ಉಪಾಧ್ಯಾಯರೇ ಎಂಬುದನ್ನು ವಾಚಕರು ಗಮನಿಸಬೇಕು. 1886ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಪಾಸಿಯ ನೇತೃತ್ವದಲ್ಲಿ ಅವರು ಕಟ್ಟಿದ ಸಂಘವೇ ಮುಂದೆ ಅಂತಾರಾಷ್ಟ್ರೀಯ ಧ್ವನಿಶಾಸ್ತ್ರ ಸಂಘವಾಯಿತು. 1888ರಲ್ಲಿ ಅದರ ಧ್ವನಿಲಿಪಿ ಹೊರಬಂದಿತು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಡೇನಿಯಲ್ ಜೋನ್ಸ್ 1917ರಲ್ಲಿ ತನ್ನ ಉಚ್ಚಾರಣ ನಿಘಂಟನ್ನು ಆ ಲಿಪಿಯಲ್ಲಿಯೇ ರಚಿಸಿದನು. ಒಂದು ಧ್ವನಿಗೆ ಒಂದೇ ಗುರುತು ಎಂಬ ಅದರ ತತ್ತ್ವ ನಮಗೆ ಹೊಸದಲ್ಲ. ವೇದಾಂಗಗಳಲ್ಲಿ ಶಿಕ್ಷಾಶಾಸ್ತ್ರವೂ ಒಂದು. ಕಂಠ್ಯ, ತಾಲವ್ಯ ಎಂದು ಸ್ಥಾನವರಿತು ಜೋಡಿಸಿದ ವರ್ಣಮಾಲೆಯನ್ನು ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲಿಯೇ ಬಾಯಿಪಾಠ ಮಾಡುತ್ತಾರೆ. 1862ರಲ್ಲಿ ಅಮೆರಿಕದ ವಿದ್ವಾಂಸ ವಿಟ್ನಿ ಅಥರ್ವವೇದದ ಪ್ರಾತಿಶಾಖ್ಯವನ್ನು ಅನುವಾದಸಹಿತ ಪ್ರಕಟಿಸಿದಾಗ ಪಶ್ಚಿಮದವರು ಕಲಿತದ್ದು ಇದೇ ಪಾಠವನ್ನು. ನಮ್ಮವರು ಹಿಂದೆಯೇ ಕಂಡ ದಾರಿಯೊಂದು ನಿಘಂಟಿನ ಪುಟದಲ್ಲಿ ಅಪರಿಚಿತ ಗೆರೆಗಳಾಗಿ ಕಾಣುತ್ತಿರುವುದು ವಿಪರ್ಯಾಸವೇ ಸರಿ.

ಸ್ವರಗಳ ಎಣಿಕೆಯಷ್ಟನ್ನೇ ತಿಳಿದರೆ ಸಾಲದು. ಇಂಗ್ಲಿಷಿನವರು ಸಿಲಬಲ್ ಎಂದು ಕರೆಯುವ ಉಚ್ಚಾರಾಂಶದ ಸ್ವಭಾವವನ್ನೂ ಅರಿಯಬೇಕು. ನಮ್ಮ ನುಡಿ ಮಾತ್ರೆಯ ನುಡಿ: ಲಘುವಿಗೆ ಒಂದು, ಗುರುವಿಗೆ ಎರಡು, ಯಾವ ಸ್ವರವೂ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷ್ ಪದದಲ್ಲಿ ಒಂದು ಉಚ್ಚಾರಾಂಶದ ಮೇಲೆ ಉಸಿರಿನ ಬಲವೆಲ್ಲ ಬಿದ್ದು ಉಳಿದವು ಕುಗ್ಗುತ್ತವೆ. ಫೋಟೊಗ್ರಾಫ್ ಎಂಬಲ್ಲಿ ಒತ್ತು ಮೊದಲನೆಯದರ ಮೇಲೆ. ಫೊಟಾಗ್ರಫಿ ಎಂಬಲ್ಲಿ ಎರಡನೆಯದರ ಮೇಲೆ. ಫೋಟೊಗ್ರಾಫಿಕ್ ಎಂಬಲ್ಲಿ ಮೂರನೆಯದರ ಮೇಲೆ. ಒತ್ತು ಸರಿದಂತೆ ಸ್ವರಗಳ ಬಣ್ಣವೂ ಬದಲಾಗುತ್ತದೆ. ಒತ್ತು ತಪ್ಪಿದ ಸ್ವರಗಳು ಬಹುಮಟ್ಟಿಗೆ ಅಸ್ಪಷ್ಟವಾದ ಒಂದು ಕಿರುಸ್ವರದಲ್ಲಿ ಅಡಗುತ್ತವೆ. ಅಬೌಟ್ ಪದದ ಮೊದಲಲ್ಲಿ, ಲೆಮನ್ ಪದದ ಎರಡನೆಯ ಭಾಗದಲ್ಲಿ, ಸಪೋರ್ಟ್ ಪದದ ಮೊದಲಲ್ಲಿ ಕಾಗುಣಿತ ಮೂರು ಬಗೆ, ಧ್ವನಿ ಅದೊಂದೇ. ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಈ ಸ್ವರಕ್ಕೆ ಇಂಗ್ಲಿಷ್ ವರ್ಣಮಾಲೆಯಲ್ಲಿ ಸ್ವಂತದ ಅಕ್ಷರವಿಲ್ಲ! ಧ್ವನಿಲಿಪಿಯಲ್ಲಿ ಮಾತ್ರ ತಲೆಕೆಳಗಾದ ‘ಇ’ ಅಕ್ಷರದ ರೂಪದಲ್ಲಿ ಅದಕ್ಕೊಂದು ಗುರುತುಂಟು. ಒತ್ತು ಬೀಳುವ ಉಚ್ಚಾರಾಂಶದ ಮುಂಚೆ ಮೇಲುಗಡೆ ಎಳೆದ ಸಣ್ಣ ನಿಲುಗೆರೆ ಉಳಿದುದನ್ನು ಹೇಳುತ್ತದೆ.

ಕನ್ನಡ ಲಿಪಿಯಲ್ಲಿಯೇ ಉಚ್ಚಾರಣೆಯನ್ನು ಬರೆದುಕೊಂಡರಾಗದೆ ಎಂದು ಕೇಳುವವರಿದ್ದಾರೆ. ತಕ್ಕಮಟ್ಟಿಗೆ ಆದೀತು. ಆದರೆ ಕಾಟ್ ಎಂದು ಬರೆದರೆ ಹಗ್ಗದ ಮಂಚವೋ ಎತ್ತಿನ ಗಾಡಿಯೋ ತಿಳಿಯದು. ಬ್ಯಾಟ್ ಎಂದು ಬರೆದರೆ ಮೂಲದಲ್ಲಿಲ್ಲದ ಯಕಾರ ನಡುವೆ ನುಸುಳುತ್ತದೆ. ಬಾಟ್ಲ್, ಬಟ್ನ್ ಎಂಬಲ್ಲಿ ಕೊನೆಯ ವ್ಯಂಜನವೇ ಸ್ವರದ ಕೆಲಸವನ್ನು ಮಾಡುತ್ತದೆ. ಸಂಸ್ಕೃತದ ಪ್ರಾಚೀನ ಋಕಾರದ ಬಂಧು ಅದು. ನಾವಾದರೋ ಬಾಟಲಿ, ಬಟನ್ನು ಎಂದು ಸ್ವರ ಕೂಡಿಸಿಕೊಳ್ಳುತ್ತೇವೆ. ಒಂದೇ ಉಚ್ಚಾರಾಂಶದ ಬಸ್ ನಮ್ಮಲ್ಲಿ ಬಸ್ಸು ಆಗಿ ಎರಡಾಗುತ್ತದೆ. ಕನ್ನಡದೊಳಗೆ ಇದು ನ್ಯಾಯವೇ. ಇಂಗ್ಲಿಷ್ ಆಡುವಾಗ ಮಾತ್ರ ಕೇಳುವವನ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಸಾಲಿನಲ್ಲಿ ಎಲ್ಲ ಅಕ್ಷರಗಳೂ ಸಮಾನ. ಒತ್ತು ಎಲ್ಲಿಯೆಂಬುದು ಕಣ್ಣಿಗೆ ಬೀಳುವುದೇ ಇಲ್ಲ. ರೆಕಾರ್ಡ್ ಎಂಬ ಪದ ಮೊದಲಲ್ಲಿ ಒತ್ತಿದರೆ ನಾಮಪದ, ಕೊನೆಯಲ್ಲಿ ಒತ್ತಿದರೆ ಕ್ರಿಯಾಪದ.

ಇಂದು ಕೈಯ ಫೋನನ್ನು ಮುಟ್ಟಿದರೆ ಪದ ತಾನೇ ನುಡಿಯುತ್ತದೆ, ಲಿಪಿಯ ಹಂಗೇಕೆ ಎಂಬ ಪ್ರಶ್ನೆಯೂ ಬರಬಹುದು. ಕಿವಿ ತಾನು ಬಲ್ಲುದನ್ನೇ ಕೇಳುತ್ತದೆ ಎಂದು ನಾನು ಉತ್ತರಿಸುತ್ತೇನೆ. ಏನನ್ನು ಕೇಳಬೇಕೆಂದು ತಿಳಿಯದವನು ನೂರು ಸಲ ಕೇಳಿದರೂ ತನ್ನ ನುಡಿಯ ಸ್ವರವನ್ನೇ ಕೇಳುತ್ತಾನೆ. ಲಿಪಿ ತೋರಿಸಿಕೊಟ್ಟ ಮೇಲೆ ಯಂತ್ರದ ಧ್ವನಿ ಸಾರ್ಥಕ.

ಲಂಡನ್ನಿನ ಜನರಂತೆ ನುಲಿಯಬೇಕೆಂದು ಯಾರೂ ಹೇಳಬೇಕಾಗಿಲ್ಲ. ಕನ್ನಡಿಗನ ಇಂಗ್ಲಿಷಿನಲ್ಲಿ ಕನ್ನಡದ ಕಂಪು ಉಳಿದರೆ ನಷ್ಟವೇನೂ ಇಲ್ಲ. ಅರ್ಥ ಕೆಡಬಾರದು, ಅಷ್ಟೆ. ಇಪ್ಪತ್ತು ಗುರುತು, ಒಂದು ನಿಲುಗೆರೆ: ಪ್ರೌಢಶಾಲೆಯಲ್ಲಿ ವಾರಕ್ಕೆ ಒಂದು ಪಾಠದಂತೆ ಕಲಿಸಿದರೆ ಒಂದು ವರ್ಷದೊಳಗೆ ಕೈವಶವಾಗುವ ವಿದ್ಯೆ. ಸಂದರ್ಶನದ ಮೇಜಿನ ಮುಂದೆ ಬುದ್ಧಿಗೆ ಕೊರತೆಯಿಲ್ಲದ ಹುಡುಗಿ ಬಾಯಿ ತೆರೆಯಲು ಅಂಜುವುದು ತಪ್ಪಬೇಕಾದರೆ, ಉಚ್ಚಾರಣೆ ಮನೆತನದಿಂದ ಬರುವ ಆಸ್ತಿಯಾಗಿರದೆ ಶಾಲೆಯಲ್ಲಿ ಹಂಚುವ ವಿದ್ಯೆಯಾಗಬೇಕು. ನಿಘಂಟಿನ ಕೀಲಿಯನ್ನು ಅವಳ ಕೈಗಿತ್ತ ಉಪಾಧ್ಯಾಯರು, ಅವಳು ತಪ್ಪಿ ನುಡಿದಾಗ ನಗದೆ ಪುಟವನ್ನು ತೋರಿಸಿದರೆ, ಮುಂದಿನ ಪದವನ್ನು ಅವಳು ತಾನೇ ಓದಿಕೊಳ್ಳುತ್ತಾಳೆ.