ಹೊಳೆಯ ದಂಡೆಯಲ್ಲಿ ಕೂರುವವರು

ಏಪ್ರಿಲ್ ತಿಂಗಳು ಬಂತೆಂದರೆ ಮೂಡಿಗೆರೆ ಸೀಮೆಯವರಾದ ನಮಗೆ ಎರಡು ಸಂಗತಿಗಳು ಒಟ್ಟೊಟ್ಟಿಗೆ ನೆನಪಾಗುತ್ತವೆ. ಒಂದು, 2007ರ ಏಪ್ರಿಲ್ 5ರಂದು ನಮ್ಮನ್ನು ಅಗಲಿದ ಪೂರ್ಣಚಂದ್ರ ತೇಜಸ್ವಿಯವರು. ಇನ್ನೊಂದು, ಇದೇ ಹೊತ್ತಿಗೆ ತಳ ಕಾಣಿಸಿಕೊಳ್ಳುವ ನಮ್ಮ ಹಳ್ಳಗಳು. ಅವರ ಹೆಸರಿನಲ್ಲಿ ಊರೂರಿನಲ್ಲೂ ಸಭೆಗಳು ನಡೆಯುತ್ತವೆ, ಕಾದಂಬರಿಗಳ ಚರ್ಚೆಯಾಗುತ್ತದೆ, ನಾಟಕಗಳು ಪ್ರದರ್ಶನವಾಗುತ್ತವೆ. ಇವೆಲ್ಲವೂ ಬೇಕಾದವೇ. ಆದರೆ ಅವರು ಗಂಟೆಗಟ್ಟಲೆ ಗಾಳ ಹಾಕಿ ಕುಳಿತಿರುತ್ತಿದ್ದ ಹೊಳೆಗಳ ಸ್ಥಿತಿ ಏನಾಗಿದೆ ಎಂದು ಆ ಸಭೆಗಳಲ್ಲಿ ಕೇಳುವವರು ಕಡಿಮೆ. ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಓದುಗರ ಮುಂದಿಡಬೇಕೆನಿಸಿದೆ.

1938ರ ಸೆಪ್ಟೆಂಬರ್ 8ರಂದು ಕುವೆಂಪು ಅವರ ಮಗನಾಗಿ ಜನಿಸಿದ ತೇಜಸ್ವಿಯವರು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ ಅಧ್ಯಾಪಕ ವೃತ್ತಿಯನ್ನು ಅರಸಿ ಹೋಗಲಿಲ್ಲ. 1960ರ ದಶಕದಲ್ಲೇ ಮೂಡಿಗೆರೆಯ ಕಡೆಗೆ ಬಂದು ಕಾಫಿ ಕೃಷಿಗೆ ಇಳಿದರು. ಕೊನೆಯವರೆಗೂ ಇಲ್ಲಿಯೇ, 'ನಿರುತ್ತರ' ಎಂಬ ತಮ್ಮ ತೋಟದ ಮನೆಯಲ್ಲಿಯೇ ಬಾಳಿದರು. ನಾಡಿನವರು ಅವರನ್ನು 'ಕರ್ವಾಲೊ', 'ಚಿದಂಬರ ರಹಸ್ಯ', 'ಪರಿಸರದ ಕಥೆ'ಗಳ ಲೇಖಕರೆಂದು ಬಲ್ಲರು. ಈ ಭಾಗದ ಹಳಬರಿಗೆ ಅವರು ಸ್ಕೂಟರಿನಲ್ಲಿ ಹೊಳೆಯ ಕಡೆಗೆ ಹೊರಟ ಗಾಳದ ಹುಚ್ಚಿನ ಮನುಷ್ಯ, ನಾಯಿಯ ಜೊತೆ ಕಾಡು ಸುತ್ತುವವರು, ಹಕ್ಕಿಯೊಂದರ ಚಿತ್ರಕ್ಕಾಗಿ ದಿನವಿಡೀ ಮರೆಯಲ್ಲಿ ಕುಳಿತಿರುವವರು. ಯೌವನದಲ್ಲಿ ಅವರು ಶಿಕಾರಿ ಮಾಡಿದವರೇ. ಕ್ರಮೇಣ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು. ಗಾಳ ಮಾತ್ರ ಜೊತೆಯಲ್ಲಿ ಉಳಿಯಿತು. ಅವರನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಮೀನು ಹಿಡಿಯುವುದು, ಹಕ್ಕಿ ನೋಡುವುದು, ಅಡುಗೆ ಮಾಡುವುದು, ಕೆಟ್ಟ ಯಂತ್ರವನ್ನು ಬಿಚ್ಚಿ ಜೋಡಿಸುವುದು ಇಂಥ ಸಣ್ಣ ಸಂತೋಷಗಳಲ್ಲಿ ಒಂದು ಪೂರ್ಣ ಬದುಕು ಸಾಧ್ಯವೆಂದು ಅವರು ಬಾಳಿ ತೋರಿಸಿದರು. ಅಷ್ಟೇ ಸಾಕು.

ಗಾಳ ಹಾಕುವುದು ಸೋಮಾರಿಗಳ ಕೆಲಸವೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಇದನ್ನು ಒಪ್ಪಲಾರೆ. ಗಾಳದವನು ಮೀನನ್ನು ಹಿಡಿಯಬೇಕಾದರೆ ಮೊದಲು ಹೊಳೆಯನ್ನು ಓದಬೇಕು. ರಭಸದ ನೀರು ಕಲ್ಲಿಗೆ ಬಡಿದು ನೊರೆಯೇಳುವಲ್ಲಿ ಗಾಳಿಯ ಆಮ್ಲಜನಕ ನೀರಿಗೆ ಸೇರುತ್ತದೆ. ಅದರ ಕೆಳಗಿನ ಮಡುವಿನ ತಲೆಯಲ್ಲಿ ಮೀನು ನಿಲ್ಲುತ್ತದೆ. ದಂಡೆಯ ಅತ್ತಿಮರ ಹಣ್ಣು ಉದುರಿಸುವ ಕಾಲಕ್ಕೆ ದೊಡ್ಡ ಮೀನುಗಳು ಆ ಮರದ ಬುಡಕ್ಕೆ ಬರುತ್ತವೆ. ಮಹಶೀರ್ ಜಾತಿಯ ಮೀನುಗಳು ಹಣ್ಣುಗಳನ್ನೂ ತಿನ್ನುತ್ತವೆ. ದಂಡೆಯ ಮರ ಕಡಿದರೆ ನೆರಳಿನೊಂದಿಗೆ ಊಟವೂ ಹೋಯಿತು. ಮಿಂಚುಳ್ಳಿ ಒಂದೇ ಕೊಂಬೆಗೆ ಮತ್ತೆ ಮತ್ತೆ ಬಂದು ಕೂರುತ್ತಿದ್ದರೆ ಕೆಳಗೆ ಸಣ್ಣ ಮೀನಿನ ಹಿಂಡಿದೆಯೆಂದು ತಿಳಿಯಬೇಕು. ದಂಡೆಯ ಬಂಡೆಯ ಮೇಲೆ ಏಡಿಯ ಚಿಪ್ಪು, ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡರೆ ನೀರುನಾಯಿ ಇನ್ನೂ ಇದೆಯೆಂದು ಸಮಾಧಾನಪಡಬೇಕು. ಮುಂಗಾರಿನ ಮೊದಲ ನೆರೆಗೆ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ 'ಹತ್ತುಮೀನಿನ' ಸಂಭ್ರಮ ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು. ಆ ಮೀನುಗಳು ಏರುವುದು ಮೊಟ್ಟೆಯಿಡಲೆಂದು. ಈ ಪಾಠಗಳು ನನಗೆ ವಿಶ್ವವಿದ್ಯಾಲಯದಲ್ಲಿ ಸಿಕ್ಕವಲ್ಲ. ಇವುಗಳ ಹಿಂದಿನ ಕಾರಣಗಳು ಮಾತ್ರ ಅಲ್ಲಿ ಸಿಕ್ಕವು.

1980ರಲ್ಲಿ ಪ್ರಕಟವಾದ 'ಕರ್ವಾಲೊ' ಕಾದಂಬರಿಯ ಹೆಗ್ಗಳಿಕೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಅದರಲ್ಲಿ ವಿಜ್ಞಾನಿಯೊಬ್ಬರು ಹಾರುವ ಓತಿಯನ್ನು ಹುಡುಕುತ್ತ ಹೊರಡುವುದು ಮಂದಣ್ಣನೆಂಬ ಹಳ್ಳಿಯ ಹುಡುಗನ ಕಣ್ಣನ್ನು ನಂಬಿ. ಕಾಡಿನಲ್ಲಿ ಕಾಲ ಕಳೆದವನ ಅರಿವಿಗೆ ಪದವಿ ಪಡೆದವನು ತಲೆಬಾಗುವ ಕಥೆ ಅದು. ಇಂಥ ಕಥೆಯನ್ನು ಬರೆಯಲು ಸ್ವತಃ ಕಾದು ಕೂರುವುದನ್ನು ಕಲಿತವರಿಗೆ ಮಾತ್ರ ಸಾಧ್ಯ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ, ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿದ ಹೊಸದರಲ್ಲಿ, ಅರೇಬಿಕಾ ತೋಟವೊಂದಕ್ಕೆ ಬಿಳಿ ಕಾಂಡಕೊರಕದ ಹತೋಟಿಯ ಬಗ್ಗೆ ಸಲಹೆ ನೀಡಲು ಹೋಗಿದ್ದೆ. ಯಾವ ಔಷಧಿ, ಎಷ್ಟು ಪ್ರಮಾಣ, ಯಾವ ತಿಂಗಳು ಎಂದು ವಿವರವಾಗಿ ಬರೆದುಕೊಟ್ಟೆ. ಸಿಂಪಡಿಸಿದ ಮೇಲೆ ಡ್ರಮ್ಮು, ಪಂಪುಗಳನ್ನು ಎಲ್ಲಿ ತೊಳೆಯಬೇಕೆಂದು ಮಾತ್ರ ಹೇಳಲಿಲ್ಲ. ತೋಟದ ಕೆಳಗೇ ಹಳ್ಳ ಹರಿಯುತ್ತಿತ್ತು. ಎರಡು ವಾರಗಳ ನಂತರ ಅಲ್ಲಿಗೆ ಹೋದಾಗ, ಲೈನ್ ಮನೆಯ ವೃದ್ಧ ಕಾರ್ಮಿಕರೊಬ್ಬರು ವಾಟೆಕೋಲಿನ ಗಾಳ ಹಿಡಿದು ಬರಿಗೈಯಲ್ಲಿ ಹಳ್ಳದಿಂದ ಮೇಲೆ ಬರುತ್ತಿದ್ದರು. "ಮೀನು ಸಿಗಲಿಲ್ಲವೇ ಅಜ್ಜ?" ಎಂದು ಕೇಳಿದೆ. "ಏಡಿನೇ ಸತ್ತು ಬಿದ್ದಿದಾವೆ ಸಾರ್. ಏಡಿ ಇಲ್ಲದ ಹಳ್ಳಕ್ಕೆ ಮೀನು ಯಾಕೆ ಬರ್ತದೆ?" ಎಂದು ಹೇಳಿ ಅವರು ಹೊರಟುಹೋದರು. ಕೊರಕಕ್ಕೆ ಬಳಸುವ ಕೆಲವು ಕೀಟನಾಶಕಗಳು ಏಡಿ, ಸಿಗಡಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕವೆಂಬುದು ನಾನು ಓದಿ ತಿಳಿದಿದ್ದ ವಿಷಯವೇ. ಆದರೆ ಆ ಹಳ್ಳಕ್ಕೆ ಆದ ಹಾನಿಯನ್ನು ಮೊದಲು ಕಂಡವರು ಅವರು. ನಾನಲ್ಲ, ತೋಟದ ಮಾಲೀಕರಲ್ಲ, ಯಾವ ಇಲಾಖೆಯೂ ಅಲ್ಲ. ಅವರಿಗೆ ಜೀವಂತ ಹಳ್ಳ ಬೇಕಾಗಿತ್ತು. ನಮಗೆ ಬೇಕಾಗಿದ್ದುದು ನೀರು ಮಾತ್ರ.

ಈ ವ್ಯತ್ಯಾಸವನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ನಮ್ಮ ಹೊಳೆಗಳನ್ನು ಬಳಸುವವರ ಸಂಖ್ಯೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಆದರೆ ಪಂಪಿಗೆ ನೀರಿದ್ದರೆ ಸಾಕು, ಅದರಲ್ಲಿ ಜೀವವಿರಬೇಕಾಗಿಲ್ಲ. ಕಾಫಿ ಸೀಮೆಯ ಹಳ್ಳವೊಂದರ ವರ್ಷದ ಲೆಕ್ಕವನ್ನು ನೋಡಿ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಹರಿವು ಇಳಿಯುತ್ತಿರುವ ಹೊತ್ತಿಗೇ, ಪಲ್ಪಿಂಗ್ ನಡೆಯುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ಒಂದು ಟನ್ ಕಾಫಿ ಸಂಸ್ಕರಣೆಗೆ ಹತ್ತಾರು ಸಾವಿರ ಲೀಟರ್ ನೀರು ಬೇಕು. ಹಣ್ಣಿನ ಲೋಳೆಯ ಸಕ್ಕರೆ ಅಂಶವನ್ನು ಹೊತ್ತ ಆ ನೀರು ಹಳ್ಳ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುವ ಭರದಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ವಿಷದಿಂದಲ್ಲ, ಉಸಿರುಕಟ್ಟಿ ಸಾಯುತ್ತದೆ. ಫೆಬ್ರುವರಿ, ಮಾರ್ಚಿಯಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಹೂಮಳೆಯನ್ನು ಕಾಯುವ ಧೈರ್ಯ ಈಗ ಯಾರಿಗೂ ಇಲ್ಲ. ಒಂದೇ ಹಳ್ಳಕ್ಕೆ ಹತ್ತು ಪಂಪು ಕೂತರೆ ಕಟ್ಟಕಡೆಗೆ ಉಳಿಯುವ ಗುಂಡಿಗಳೂ ಬರಿದಾಗುತ್ತವೆ. ಬೇಸಗೆಯಲ್ಲಿ ಮೀನಿನ ಸಂತತಿ ಬದುಕುಳಿಯುವುದೇ ಆ ಗುಂಡಿಗಳಲ್ಲಿ. ಅಷ್ಟಾಗಿಯೂ ಉಳಿದವು ಜೂನ್‌ನಲ್ಲಿ ಮೊಟ್ಟೆ ಹೊತ್ತು ಮೇಲೇರಿದರೆ ಕೂಣಿ ಒಡ್ಡಿ ಕಾಯುತ್ತೇವೆ. ಕೆಲವೆಡೆ ತೋಟೆ ಸಿಡಿಸುತ್ತಾರೆ, ವಿದ್ಯುತ್ ಹಾಯಿಸುತ್ತಾರೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜರಿದು ಕಲ್ಲುಮಣ್ಣು ಹಳ್ಳಗಳಿಗೆ ಇಳಿದಾಗ ಎಷ್ಟೋ ಗುಂಡಿಗಳು ಹೂತುಹೋದವು. ಗುಂಡಿ ಹೋಯಿತೆಂದು ದುಃಖಿಸಿದವರು ಗಾಳದವರು ಮಾತ್ರ.

ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತಲ್ಲ ಎಂಬ ವಾದವಿದೆ. ಇದಕ್ಕೆ ಕಾವೇರಿಯೇ ಉತ್ತರ ಹೇಳಿದೆ. ನಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸೇರುವುದು ಕಾವೇರಿಯನ್ನು. ಆ ಕಾವೇರಿಯ ಜಲಾನಯನದಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅದು ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್. 1970ರ ದಶಕದಿಂದ ಲೋನಾವಳದಲ್ಲಿ ಇನ್ನೊಂದು ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ದೇಶದ ಹಲವು ನದಿಗಳಿಗೆ ಬಿಡಲಾಯಿತು, ಕಾವೇರಿಗೂ ಬಂದವು. ಉದ್ದೇಶ ಒಳ್ಳೆಯದೇ ಆಗಿತ್ತು. ಬಂದ ಮೀನು ಹೆಚ್ಚಿತು, ಮನೆಯ ಮೀನು ಕರಗಿತು. ಅಷ್ಟು ಪ್ರಸಿದ್ಧವಾದ ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ; ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಯನ್ನು ಸೇರಿತು. ಅದು ಬೇರೆ ಮೀನು, ಅದು ಕಾಣೆಯಾಗುತ್ತಿದೆ ಎಂಬುದು ಗಾಳದವರ ಹಳೆಯ ಚಿತ್ರಗಳಿಂದ, ದಾಖಲೆಗಳಿಂದಲೂ ತಿಳಿದುಬಂತೆಂಬುದು ಇಲ್ಲಿ ಗಮನಾರ್ಹ.

ಇನ್ನೊಂದು ಮಾತು. ಮೀನಿನ ನಾಶದ ಪ್ರಸ್ತಾಪ ಬಂದಾಗಲೆಲ್ಲ ನಾವು ಬೆರಳು ತೋರಿಸುವುದು ಲೈನ್ ಮನೆಯವರ ಕಡೆಗೆ, ಭಾನುವಾರ ಹಳ್ಳದಲ್ಲಿ ಗಾಳ ಹಾಕುವ ಹುಡುಗರ ಕಡೆಗೆ. ತೋಟೆ ಹಾಕುವವರನ್ನು ಖಂಡಿಸಲೇಬೇಕು. ಆದರೆ ಸಾರಿಗೆ ನಾಲ್ಕು ಮೀನು ಹಿಡಿಯುವವನೂ, ಒಂದು ರಾತ್ರಿಯಲ್ಲಿ ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡುವವನೂ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ. ಮೊದಲನೆಯವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಎರಡನೆಯವನು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾನೆ.

ಪರಿಹಾರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮಡುವಿನ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಘಟ್ಟದ ಬುಡದಲ್ಲೇ ಇರುವ ಶಿಶಿಲದ ಮತ್ಸ್ಯತೀರ್ಥದಲ್ಲಿ ಮಹಶೀರ್‌ಗಳು ದೇವರ ಮೀನುಗಳಾಗಿ ಉಳಿದಿವೆ. 1990ರ ದಶಕದಲ್ಲಿ ಅಲ್ಲಿ ಕಿಡಿಗೇಡಿಗಳು ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು, ಮಡುವನ್ನು ಮತ್ತೆ ಕಾಯ್ದರು, ಮೀನುಗಳು ಮರಳಿದವು. ಕಾಯುವವರಿದ್ದರೆ ಹೊಳೆ ಚೇತರಿಸಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ದೇವಸ್ಥಾನವಿಲ್ಲದ ಮಡುವನ್ನೂ ಊರು ಮನಸ್ಸು ಮಾಡಿದರೆ ಕಾಯಬಹುದು.

ಆದ್ದರಿಂದ ನಮ್ಮ ಬಳಗದ ಪರವಾಗಿ ಪ್ರತಿ ಗ್ರಾಮಕ್ಕೂ ಒಂದು ವಿನಂತಿ. ನಿಮ್ಮ ಹಳ್ಳದಲ್ಲಿ ಬೇಸಗೆಗೂ ಬತ್ತದ ಒಂದು ಗುಂಡಿಯನ್ನು ಗುರುತಿಸಿ. ಆ ಗುಂಡಿಗೆ ಪಂಪು ಇಳಿಸುವುದಿಲ್ಲ, ಅದರಲ್ಲಿ ಬಲೆ ಬೀಸುವುದಿಲ್ಲ, ಅದರ ದಂಡೆಯ ಮರ ಕಡಿಯುವುದಿಲ್ಲವೆಂದು ಊರವರು ಕೂಡಿ ತೀರ್ಮಾನಿಸಿ. ಜೂನ್, ಜುಲೈ ತಿಂಗಳಲ್ಲಿ ಮೇಲೇರುವ ಮೊಟ್ಟೆಯ ಮೀನಿಗೆ ದಾರಿ ಬಿಡಿ. ಕೂಣಿಯನ್ನು ಆ ಎರಡು ತಿಂಗಳು ಅಟ್ಟದ ಮೇಲಿಡಿ. ಬೆಳೆಗಾರರು ಪಲ್ಪರ್ ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆದು, ಶುದ್ಧೀಕರಿಸಿ ತೋಟಕ್ಕೇ ಬಳಸಲಿ. ಕಡಿಮೆ ನೀರು ಬೇಡುವ ಪಲ್ಪರ್‌ಗಳು ಈಗ ಮಾರುಕಟ್ಟೆಯಲ್ಲಿವೆ. ಸಿಂಪರಣೆಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ. ಈ ಕೊನೆಯ ಮಾತನ್ನು ಹದಿನೈದು ವರ್ಷ ತಡವಾಗಿ ಹೇಳುತ್ತಿದ್ದೇನೆ.

ವಿದ್ಯಾರ್ಥಿಗಳಿಗೆ ಬೇರೆಯೇ ಕೋರಿಕೆಯಿದೆ. ವಾರಕ್ಕೊಮ್ಮೆ, ಒಂದೇ ಗಂಟೆ, ನಿಮ್ಮ ಊರಿನ ಹಳ್ಳದ ಒಂದೇ ಜಾಗದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಗಾಳ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನೀರಿನ ಮಟ್ಟ, ಬಣ್ಣ, ವಾಸನೆ, ಕಂಡ ಹಕ್ಕಿ, ಮೀನು, ಏಡಿ, ಹೆಜ್ಜೆಗುರುತುಗಳನ್ನು ನೋಟ್‌ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಹೆಸರು ತಿಳಿಯದಿದ್ದರೆ ಲೈನ್ ಮನೆಯ ಅಜ್ಜನನ್ನೋ, ಗದ್ದೆಯ ಅಂಚಿನ ಅಜ್ಜಿಯನ್ನೋ ಕೇಳಿ. ಅವರು ಹೇಳಿದ ಹೆಸರನ್ನೇ ಬರೆಯಿರಿ. ಮೂರು ವರ್ಷ ಹೀಗೆ ಬರೆದ ಪುಸ್ತಕವಿದ್ದರೆ, ನಾಳೆ ಯಾವ ಯೋಜನೆ ಬಂದರೂ ಈ ಹಳ್ಳದಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಊರಿನ ಬಳಿ ಉತ್ತರವಿರುತ್ತದೆ.

ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಬೀಳುವ ಮಳೆ ಹೇಮಾವತಿಯಾಗಿ ಕಾವೇರಿಗೆ, ಭದ್ರೆಯಾಗಿ ಕೃಷ್ಣೆಗೆ, ಚಾರ್ಮಾಡಿಯ ತೊರೆಗಳಾಗಿ ನೇತ್ರಾವತಿಗೆ ಇಳಿಯುತ್ತದೆ. ಮೂರು ನದಿಗಳ ತಲೆಯಲ್ಲಿ ಕುಳಿತ ನಮಗೆ ಮೇಲಿನಿಂದ ನೀರು ಕೆಡಿಸುವವರು ಯಾರೂ ಇಲ್ಲ. ಕೆಟ್ಟಿದ್ದರೆ ಅದು ನಮ್ಮಿಂದಲೇ. ಮುಂದಿನ ಏಪ್ರಿಲ್‌ನಲ್ಲಿ ತೇಜಸ್ವಿಯವರನ್ನು ನೆನೆಯಲು ಸಭಾಂಗಣಕ್ಕೆ ಹೋಗುವ ಮೊದಲು, ಆ ದಿನ ಬೆಳಗ್ಗೆ ನಿಮ್ಮ ಊರಿನ ಹಳ್ಳಕ್ಕೊಮ್ಮೆ ಹೋಗಿ ಬನ್ನಿ. ಗುಂಡಿಯಲ್ಲಿ ನೀರಿದೆಯೇ, ನೀರಿನಲ್ಲಿ ಮೀನಿದೆಯೇ ಎಂದು ನೋಡಿ, ಅದನ್ನು ಸಭೆಯಲ್ಲಿ ಹೇಳಿ.